ಕೆಳಗೆ ಅಂಗಡಿ, ಮೇಲೆ ಮನೆ, ದುಡಿಯುವವನು ಎಲ್ಲಿ?

(ಡೊಂಬಿವಲಿ ಎಂಐಡಿಸಿ ನಿವಾಸಿ ವಿಭಾಗದಲ್ಲಿ ಕೂಡಿದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿ ಮತ್ತು ವಸತಿ ಒಂದೇ ಆವರಣದಲ್ಲಿ ಕೂಡಿಬರುವ ಹೊಸ ಸಂಕೀರ್ಣಗಳ ಗುಣದೋಷಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನಗೆ ಅಪ್ಪಣೆ ಕೊಟ್ಟಿದ್ದಾರೆ. ಇದು ಇಂಜಿನಿಯರರು ಮಾತಾಡತಕ್ಕ ವಿಷಯ. ನಾನು ಓದಿದ್ದು ಎಂಟನೆಯ ಇಯತ್ತೆಯವರೆಗೆ. ಆದರೂ ಒಪ್ಪಿಕೊಂಡೆ. ಏಕೆಂದರೆ, ಇಂಥ ಕಟ್ಟಡಗಳ ನಕ್ಷೆ ಬರೆಯುವವರು ಬೇರೆ, ಅವುಗಳೊಳಗೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತು ದುಡಿಯುವವರು ಬೇರೆ. ನಕ್ಷೆಯವರ ಮಾತು ಪತ್ರಿಕೆಗಳ ಪುಟ ತುಂಬ ಬರುತ್ತದೆ. ನಿಂತು ದುಡಿಯುವವರ ಮಾತನ್ನು ಯಾರಾದರೂ ಒಬ್ಬರು ಹೇಳಬೇಕಲ್ಲ?

ಇನ್ನೊಂದು ಕಾರಣವೂ ಉಂಟು. ನಾವೀಗ ಕುಳಿತಿರುವ ಸ್ಥಳವನ್ನೇ ನೋಡಿರಿ. ಈ ಔದ್ಯೋಗಿಕ ಪ್ರದೇಶ ಆರಂಭವಾದಾಗ ಕಾರ್ಖಾನೆ ಒಂದೆಡೆ, ಮನೆ ಒಂದೆಡೆ ಎಂದಿತ್ತು. ಇಂದು ರಸ್ತೆಯ ಈ ಬದಿಗೆ ಅಡಿಗೆಮನೆ, ಆ ಬದಿಗೆ ರಾಸಾಯನಿಕದ ಪೀಪಾಯಿ. 2016ರ ಮೇ 26ರಂದು ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಆದ ಸ್ಫೋಟದಲ್ಲಿ 12 ಮಂದಿ ಸತ್ತರು. ಬಹುದೂರದವರೆಗೆ ಮನೆಗಳ ಗಾಜು ಪುಡಿಯಾಯಿತು. 2024ರ ಮೇ 23ರಂದು ಮತ್ತೊಂದು ಕಾರ್ಖಾನೆ ಸಿಡಿಯಿತು. ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಅಪಾಯದ ಕಾರ್ಖಾನೆಗಳನ್ನು ಇಲ್ಲಿಂದ ಎಬ್ಬಿಸಬೇಕೆಂಬ ಮಾತು ಹಳೆಯದು. 2022ರಲ್ಲಿಯೇ ಅವುಗಳನ್ನು ಪಾತಾಳಗಂಗೆಯ ಕಡೆಗೆ ಸಾಗಿಸುವುದಾಗಿ ಸರಕಾರ ಹೇಳಿತ್ತು. 2024ರ ಅನಾಹುತದ ಮೇಲೆ ಪುನಃ ಹೇಳಿತು. ಇಂದಲ್ಲ ನಾಳೆ ಕೆಲವು ಕಾರ್ಖಾನೆಗಳು ಹೋಗುವುವು. ಆಗ ಬರಿದಾಗುವ ನೆಲದ ಮೇಲೆ ಏನು ಏಳುತ್ತದೆ? ಕೆಳಗೆ ಮಾಲು, ಮೇಲೆ ಮೂವತ್ತು ಅಂತಸ್ತಿನ ವಸತಿ. ಅದು ಏಳುವ ಮೊದಲೇ ನಾವು ಯೋಚಿಸತಕ್ಕದ್ದು. ಎದ್ದ ಮೇಲೆ ಯೋಚಿಸಿದರೆ, ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾದೀತು.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಅಂಗಡಿ ಮತ್ತು ಮನೆ ಕೂಡಿರುವುದು ಹೊಸ ಶೋಧವೇನೂ ಅಲ್ಲ. ಉಡುಪಿಯ ರಥಬೀದಿಗೆ ಹೋದವರು ಬಲ್ಲರು: ಮುಂದೆ ಅಂಗಡಿ, ಹಿಂದೆ ಮನೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕೆಳಗೆ ಜವಳಿ, ಮೇಲೆ ವ್ಯಾಪಾರಿಯ ಸಂಸಾರ. ಮುಂಬಯಿಯ ಪರೇಲು, ಲಾಲಬಾಗಿನ ಚಾಳುಗಳಲ್ಲಿ ಕೆಳ ಅಂತಸ್ತಿನಲ್ಲಿ ಹಿಟ್ಟಿನ ಗಿರಣಿ, ಕಿರಾಣಿ, ಖಾನಾವಳಿ. ಮೇಲೆ ಹತ್ತಡಿ ಅಗಲದ ಕೋಣೆಗಳಲ್ಲಿ ಗಿರಣಿ ಕಾರ್ಮಿಕರು. ಮಿಲ್ಲಿನ ಭೋಂಗಾ ಕೂಗಿದರೆ ನಡೆದೇ ಹೋಗುತ್ತಿದ್ದರು. ಆ ಪೇಟೆಯನ್ನು ಯಾರೂ 'ಮಿಶ್ರ ಬಳಕೆಯ ಸಂಕೀರ್ಣ' ಎಂದು ಕರೆಯಲಿಲ್ಲ. ಆದರೂ ಅದು ಅದೇ ಆಗಿತ್ತು.

ಇನ್ನು ನಮ್ಮ ಹೊಟೇಲು. ಹೊಟೇಲು ಕೆಲಸಗಾರನಷ್ಟು ಚೆನ್ನಾಗಿ ಈ ಮಿಶ್ರ ಬಳಕೆಯನ್ನು ಅರಿತವರು ಇನ್ನು ಯಾರು? ಮಧ್ಯಾಹ್ನ ಊಟಕ್ಕೆ ಹಾಕಿದ ಮೇಜನ್ನು ರಾತ್ರಿ ಒರೆಸಿ, ಎರಡು ಮೇಜು ಜೋಡಿಸಿ, ಅದರ ಮೇಲೆ ಚಾದರ ಹಾಸಿದರೆ ಅದೇ ಮಂಚ. ಜಾಗ ಸಾಲದವರಿಗೆ ಅಡಿಗೆಮನೆಯ ಮೇಲಿನ ಅಟ್ಟ. ನಾನೂ ಅಂಥ ಅಟ್ಟದಲ್ಲಿ ಆರು ವರ್ಷ ಮಲಗಿದವನು. ಅದರಲ್ಲಿ ಗುಣವಿತ್ತು: ಬಾಡಿಗೆ ಇಲ್ಲ, ರೈಲಿನ ನೂಕುನುಗ್ಗಲಿಲ್ಲ, ಎರಡು ಹೊತ್ತಿನ ಊಟ ಅಲ್ಲಿಯೇ, ಊರವರ ಸಹವಾಸ ಅಲ್ಲಿಯೇ. ಸಂಜೆ ಎರಡು ತಾಸು ಬಿಟ್ಟುಕೊಡುವ ಮಾಲಿಕರಿದ್ದರೆ ರಾತ್ರಿ ಶಾಲೆಗೂ ಹೋಗಬಹುದಿತ್ತು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಮೇಲೆ ಬಂದ ಹೊಟೇಲು ಹುಡುಗರ ಸಂಖ್ಯೆ ಸಣ್ಣದಲ್ಲ.

ದೋಷವೂ ಅದರ ಒಳಗೇ ಇತ್ತು. ಮಲಗುವ ಜಾಗವೇ ಕೆಲಸದ ಜಾಗವಾದರೆ ಕೆಲಸ ಮುಗಿಯುವ ಹೊತ್ತು ಯಾವುದು? ನಸುಕಿನ ನಾಲ್ಕಕ್ಕೆ ಹಾಲಿನ ಗಾಡಿ ಬಂದರೆ ಎಬ್ಬಿಸುವುದು ನಮ್ಮನ್ನೇ. ಎಲ್ಲಕ್ಕೂ ಮಿಗಿಲಾಗಿ, ಕೆಲಸ ಹೋದ ದಿನವೇ ಸೂರೂ ಹೋಯಿತು. ಸಂಬಳ ಹೆಚ್ಚು ಮಾಡಿರೆಂದು ಬಾಯಿ ತೆರೆಯುವವನು ಮೊದಲು ತನ್ನ ಟ್ರಂಕು ಎಲ್ಲಿಡುವುದೆಂದು ಯೋಚಿಸಬೇಕಾಗಿತ್ತು. ಸೂರು ಕೊಡುವ ಕೈ ಮತ್ತು ಸಂಬಳ ಕೊಡುವ ಕೈ ಒಂದೇ ಆದಾಗ ಕೆಲಸಗಾರನ ನಾಲಿಗೆ ಕಟ್ಟಿಬೀಳುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಇದು ಜಗತ್ತಿಗೆಲ್ಲ ಕಂಡಿತು. ಹೊಟೇಲು ಮುಚ್ಚಿದೊಡನೆ ಕೆಲಸ, ಊಟ, ಹಾಸಿಗೆ ಮೂರೂ ಒಂದೇ ದಿನ ಇಲ್ಲವಾದವು.

ಈ ಅನುಭವವನ್ನು ಕೈಯಲ್ಲಿ ಹಿಡಿದುಕೊಂಡು ಹೊಸ ಸಂಕೀರ್ಣಗಳನ್ನು ನೋಡೋಣ.

ನಮ್ಮ ಹತ್ತಿರದಲ್ಲಿಯೇ ಕಲ್ಯಾಣ-ಶಿಲ್ ರಸ್ತೆಯಲ್ಲಿ ಪಲಾವಾ ಇದೆ. ಲೋಢಾ ಕಂಪೆನಿಯವರು ಬತ್ತದ ಗದ್ದೆಗಳಿದ್ದ ಸೀಮೆಯಲ್ಲಿ ಒಂದು ಊರನ್ನೇ ಕಟ್ಟುತ್ತ ಬಂದಿದ್ದಾರೆ: ವಸತಿ ಗೋಪುರ, ಶಾಲೆ, ಮೈದಾನ, ಮಾಲು ಎಲ್ಲವೂ ಕೂಡಿ. ನವೀ ಮುಂಬಯಿಗೆ ಹೋದರೆ ಸೀವುಡ್ಸ್ ರೈಲು ನಿಲ್ದಾಣದ ನೆತ್ತಿಯ ಮೇಲೆಯೇ ದೊಡ್ಡ ಮಾಲು ಮತ್ತು ಕಚೇರಿಗಳು. ವಾಶಿಯ ನಿಲ್ದಾಣದ ಮೇಲೆ ಕಚೇರಿ ಕಟ್ಟುವ ಪದ್ಧತಿಯನ್ನು ಸಿಡ್ಕೋ 1990ರ ದಶಕದಲ್ಲಿಯೇ ಹಾಕಿಕೊಟ್ಟಿತ್ತು. 1970ರಲ್ಲಿ ಹುಟ್ಟಿದ ಈ ಸಿಡ್ಕೋ ನವೀ ಮುಂಬಯಿಯನ್ನು ಸೆಕ್ಟರುಗಳಾಗಿ ಹಂಚಿ, ಸೆಕ್ಟರಿಗೊಂದು ಅಂಗಡಿ ಸಾಲು, ಶಾಲೆ, ಆಟದ ಬಯಲು ನಡೆದುಹೋಗುವಷ್ಟು ದೂರದಲ್ಲಿರಲಿ ಎಂದು ಯೋಜಿಸಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ ಮತ್ತು ರಾಜಾಜಿನಗರದ ನಡುವೆ ಬ್ರಿಗೇಡ್ ಗೇಟ್‌ವೇ ಎಂಬ ಆವರಣವಿದೆ. ಮನೆ, ಮಾಲು, ಶಾಲೆ, ಆಸ್ಪತ್ರೆ, ದೊಡ್ಡ ಹೊಟೇಲು, ಕಚೇರಿ ಎಲ್ಲವೂ ಒಂದೇ ಸುತ್ತುಗೋಡೆಯೊಳಗೆ.

ಇವುಗಳ ಗುಣವನ್ನು ಮೊದಲು ಹೇಳುತ್ತೇನೆ. ಶತ್ರುವಿನಲ್ಲಿಯೂ ಗುಣವಿದ್ದರೆ ಒಪ್ಪಬೇಕೆಂಬುದು ನಮ್ಮ ಹಿರಿಯರ ಮಾತು. ಕಟ್ಟಡವಂತೂ ನಮ್ಮ ಶತ್ರುವಲ್ಲ.

ಮೊದಲನೆಯದು ಸಮಯ ಮತ್ತು ಜೀವ. ಡೊಂಬಿವಲಿಯಿಂದ ಮುಂಬಯಿಗೆ ಹೋಗುವವನ ಬಾಳು ಫಲಾಟಿನ ಮೇಲೆ ಸವೆಯುತ್ತದೆ. 2025ರ ಜೂನ್ 9ರ ಬೆಳಿಗ್ಗೆ ದಿವಾ-ಮುಂಬ್ರಾ ನಡುವೆ ತುಂಬಿ ತುಳುಕುವ ಗಾಡಿಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಕೆಳಗೆ ಬಿದ್ದು ಸತ್ತುದನ್ನು ನಾವಾರೂ ಮರೆತಿಲ್ಲ. ಮನೆಯ ಹತ್ತಿರವೇ ಕೆಲಸವಿದ್ದರೆ ಆ ಬಾಗಿಲಿಗೆ ಜೋತುಬೀಳುವ ಕೈಗಳು ಅಷ್ಟು ಕಡಿಮೆಯಾದಾವು.

ಎರಡನೆಯದು ಹೆಂಗಸರ ಅನುಕೂಲ. ಬರಿಯ ಮನೆಗಳಿರುವ ಬೀದಿ ರಾತ್ರಿ ಒಂಬತ್ತಕ್ಕೆ ನಿರ್ಜನವಾಗುತ್ತದೆ. ಬರಿಯ ಕಚೇರಿಗಳ ಬೀದಿ ಏಳಕ್ಕೇ ಮಲಗುತ್ತದೆ. ಅಂಗಡಿ ಮನೆ ಎರಡೂ ಇರುವ ಬೀದಿಯಲ್ಲಿ ದೀಪವಿರುತ್ತದೆ, ಪಾನಿನಂಗಡಿಯವನು ಇರುತ್ತಾನೆ, ಮಹಡಿಯ ಮೇಲಿಂದ ನಾಲ್ಕು ಕಣ್ಣು ನೋಡುತ್ತಿರುತ್ತವೆ. ಎರಡನೆಯ ಪಾಳಿ ಮುಗಿಸಿ ಬರುವ ನಮ್ಮ ಅಕ್ಕತಂಗಿಯರಿಗೆ ಅದು ಸಣ್ಣ ಧೈರ್ಯವಲ್ಲ. ಮುದುಕರಿಗೂ ಹಾಗೆಯೇ: ಔಷಧಿಗೆ, ಹಾಲಿಗೆ ರಿಕ್ಷಾ ಬೇಡ.

ಮೂರನೆಯದು ನೆಲದ ಉಳಿತಾಯ. ಒಂದೇ ನೆಲದಲ್ಲಿ ಎರಡು ಮೂರು ಉಪಯೋಗ. ಒಂದೇ ನೀರಿನ ಕೊಳವೆ, ಒಂದೇ ಒಳಚರಂಡಿ, ಒಂದೇ ಬಸ್ಸಿನ ದಾರಿ ಹೆಚ್ಚು ಜನಕ್ಕೆ ಒದಗುತ್ತದೆ.

ನಾಲ್ಕನೆಯದು ಕೆಲಸ. ಒಂದು ಮಾಲು ಬಂದರೆ ಪಹರೆ, ಸ್ವಚ್ಛತೆ, ಅಡಿಗೆ, ಲಿಫ್ಟು, ವಿದ್ಯುತ್ತು, ಮಾರಾಟ, ಮನೆಗೆ ಸಾಮಾನು ಮುಟ್ಟಿಸುವುದು ಎಂದು ನೂರಾರು ಕೈಗಳಿಗೆ ದುಡಿಮೆ ಸಿಗುತ್ತದೆ. ಇದನ್ನು ಅಲ್ಲಗಳೆಯಲಾಗದು. ನಮ್ಮವರೇ ಎಷ್ಟೋ ಮಂದಿ ಅಲ್ಲಿ ಅನ್ನ ಕಾಣುತ್ತಿದ್ದಾರೆ.

ಇನ್ನು ದೋಷಗಳು. ಇವನ್ನು ಕೆಳಗಿನಿಂದ, ಎಂದರೆ ಅಡಿಗೆಮನೆಯಿಂದ ಆರಂಭಿಸುತ್ತೇನೆ; ಅದು ನಾನು ಬಲ್ಲ ಜಾಗ.

ಮನೆಗಳ ಕೆಳಗೆ ಹೊಟೇಲಿನ ಅಡಿಗೆಮನೆ ಇಡುವುದೆಂದರೆ ಬೆಂಕಿಯನ್ನು ಇಟ್ಟಂತೆ. ಇಡಬಾರದೆಂದಲ್ಲ, ಇಡುವ ಕ್ರಮ ಬೇಕು. ಹೊಗೆಯ ಕೊಳವೆ ಕಟ್ಟಡದ ತಾರಸಿಯ ಆಚೆಗೆ ಏರಬೇಕು. ಎರಡನೆಯ ಅಂತಸ್ತಿನ ಕಿಟಕಿಗೆ ಉಗುಳಬಾರದು. ಗ್ಯಾಸಿನ ಸಿಲಿಂಡರುಗಳು ಹೊರಗಿನ ಗಾಳಿಯಾಡುವ ಜಾಗದಲ್ಲಿರಬೇಕು. ಎಣ್ಣೆಯ ಜಿಡ್ಡು ಚರಂಡಿ ಸೇರುವ ಮೊದಲು ತಡೆಯುವ ತೊಟ್ಟಿ ಬೇಕು. ಅದಿಲ್ಲದೆ ಮಳೆಗಾಲದಲ್ಲಿ ಮೇಲಿನವರ ಹೊಲಸು ನೀರು ಕೆಳಗಿನವರ ಕಾಲಿಗೆ ಬರುತ್ತದೆ. ಅಡಿಗೆಮನೆಗೆ ಎರಡನೆಯ ಬಾಗಿಲು ಬೇಕು. ಆ ಬಾಗಿಲ ಮುಂದೆ ಅಕ್ಕಿ ಚೀಲ ಒಟ್ಟಿರಬಾರದು. ಬಂಧುಗಳೇ, ಇವು ಪುಸ್ತಕದಲ್ಲಿ ಓದಿದ್ದಲ್ಲ. ಕೆಲಸಗಾರನಾದವನು ಮೊದಲ ದಿನವೇ ನೋಡಿಕೊಳ್ಳಬೇಕಾದವು.

ನೋಡಿಕೊಳ್ಳದಿದ್ದರೆ ಏನಾಗುತ್ತದೆ? ಲೋವರ್ ಪರೇಲಿನ ಕಮಲಾ ಮಿಲ್ಸ್ ಒಂದು ಕಾಲಕ್ಕೆ ಬಟ್ಟೆಯ ಗಿರಣಿ; ಆಮೇಲೆ ಕಚೇರಿ, ಹೊಟೇಲುಗಳ ಆವರಣ. 2017ರ ಡಿಸೆಂಬರ್ 29ರ ನಡುರಾತ್ರಿ ಅಲ್ಲಿಯ ಮಾಳಿಗೆಯ ಮೇಲಿನ ಹೊಟೇಲುಗಳಿಗೆ ಬೆಂಕಿ ಹತ್ತಿ 14 ಮಂದಿ ಸತ್ತರು. 2020ರ ಅಕ್ಟೋಬರ್ 22ರ ರಾತ್ರಿ ನಾಗಪಾಡಾದ ಸಿಟಿ ಸೆಂಟರ್ ಮಾಲಿಗೆ ಬೆಂಕಿ ಬಿದ್ದಾಗ ಪಕ್ಕದ ವಸತಿ ಗೋಪುರದಿಂದ ಸುಮಾರು 3,500 ಜನರನ್ನು ರಾತ್ರೋರಾತ್ರಿ ಕೆಳಗಿಳಿಸಬೇಕಾಯಿತು. ಆ ಬೆಂಕಿ ಪೂರ್ತಿ ಆರಲು ಎರಡು ದಿನಕ್ಕೂ ಮೀರಿ ಹಿಡಿಯಿತು. ಅಂಗಡಿಯ ಬೆಂಕಿ ಅಂಗಡಿಯಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡನೆಯ ದೋಷ ದಾರಿಯದು. ಒಳಗೆ ಗೋಪುರ ಏರುತ್ತದೆ. ಹೊರಗಿನ ರಸ್ತೆ, ಸೇತುವೆ, ನಿಲ್ದಾಣ ಹಾಗೆಯೇ ಉಳಿಯುತ್ತವೆ. ಗಿರಣಿಗಳ ನೆಲದಲ್ಲಿ ಕಚೇರಿಗಳೆದ್ದ ಮೇಲೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಕ್ಕೆ ಬರುವವರು ಎಷ್ಟೋ ಪಟ್ಟು ಹೆಚ್ಚಿದರು. ಕಾಲುಸೇತುವೆ ಮಾತ್ರ ಹಳೆಯದೇ. 2017ರ ಸೆಪ್ಟೆಂಬರ್ 29ರ ಮಳೆಯ ಬೆಳಿಗ್ಗೆ ಆ ಮೆಟ್ಟಿಲ ಮೇಲಿನ ತುಳಿತದಲ್ಲಿ 23 ಜನ ಸತ್ತರು. ನಮ್ಮ ಕಲ್ಯಾಣ-ಶಿಲ್ ರಸ್ತೆಯ ಸಂಜೆಯ ಸ್ಥಿತಿಯನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಮನೆ ಮೊದಲು ಮಾರುತ್ತಾರೆ. ಮೆಟ್ರೋ ಆಮೇಲೆ ಬರುತ್ತದೆ.

ಮೂರನೆಯದು ಬಾಗಿಲಿನ ದೋಷ. ಹಳೆಯ ಪೇಟೆಗೆ ಬಾಗಿಲಿರಲಿಲ್ಲ. ಕೊಳ್ಳುವವನೂ ಬಂದ, ಬರಿಗೈಯವನೂ ಬಂದ. ಹೊಸ ಸಂಕೀರ್ಣದ ಬೀದಿಗೆ ಬಾಗಿಲುಂಟು, ಬಾಗಿಲಿಗೆ ಪಹರೆಯುಂಟು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲಿನಲ್ಲಿ, ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಕನ್ನಡ ನಾಡಿನ ರಾಜಧಾನಿಯಲ್ಲಿ, ಅನ್ನ ಬೆಳೆಯುವವನಿಗೆ! ವಿಧಾನಸಭೆಯಲ್ಲಿ ಗದ್ದಲವಾಗಿ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರಕಾರ ಹೇಳಿತು. ಆದರೆ ಒಂದು ಮಾತು ಯೋಚಿಸಿರಿ. ಬಾಗಿಲಲ್ಲಿ ತಡೆದ ಪಹರೆಯವನೂ ಬಡವನೇ. ಊರಿಗೆ ಹೋದಾಗ ಅವನ ತಂದೆಯೂ ಪಂಚೆಯನ್ನೇ ಉಟ್ಟಿರುತ್ತಾನೆ. ನಿಯಮ ಮಾಡಿದವನು ಮೇಲೆ ತಣ್ಣನೆಯ ಕೋಣೆಯಲ್ಲಿ, ಬೈಸಿಕೊಳ್ಳುವವನು ಕೆಳಗೆ.

ಇದೇ ಬಾಗಿಲು ತಳ್ಳುಗಾಡಿಯವನನ್ನೂ ತರಕಾರಿಯವಳನ್ನೂ ಹೊರಗಿಡುತ್ತದೆ. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕೇಂದ್ರದ ಕಾನೂನು ಬಂದಿದೆ. ಮೊದಲು ಎಣಿಕೆ ಆಗಬೇಕು, ಆಗುವವರೆಗೆ ಎಬ್ಬಿಸಕೂಡದು, ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆಯಾಗದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು ಎಂದು ಅದರಲ್ಲಿದೆ. ಆದರೆ ಬೀದಿಯೇ ಖಾಸಗಿಯಾದರೆ ಬೀದಿ ವ್ಯಾಪಾರಿಯ ಕಾನೂನು ಯಾವ ಬೀದಿಯಲ್ಲಿ ನಡೆಯಬೇಕು?

ಸಣ್ಣ ಹೊಟೇಲಿನ ಪಾಡೂ ಇದಕ್ಕೆ ಸೇರಿದ್ದು. ನಮ್ಮ ಉಡುಪಿ ಹೊಟೇಲುಗಳು ಮುಂಬಯಿಯಲ್ಲಿ ಬೇರೂರಿದ್ದು ಹಳೆಯ ಕಟ್ಟಡಗಳ ಕೆಳ ಅಂತಸ್ತಿನಲ್ಲಿ, ಅಗ್ಗದ ಬಾಡಿಗೆಯ ಬಲದಿಂದ. ಮಾಟುಂಗಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು 1942ರಿಂದ ಜನರಿಗೆ ಬಾಳೆಲೆಯ ಊಟ ಬಡಿಸುತ್ತ ಬಂದದ್ದು ನಿಮಗೆ ಗೊತ್ತು. ಹೊಸ ಸಂಕೀರ್ಣದಲ್ಲಿ ಅಂಗಡಿಯ ಬಾಡಿಗೆ, ಅದರ ಮೇಲೆ ನಿರ್ವಹಣೆಯ ವೆಚ್ಚ. ಕೆಲವೆಡೆ ವ್ಯಾಪಾರದಲ್ಲಿಯೂ ಪಾಲು ಕೊಡಬೇಕು. ಅದನ್ನು ತಾಳಬಲ್ಲವರು ದೊಡ್ಡ ಕಂಪೆನಿಗಳು. ಸಣ್ಣ ಮಾಲಿಕ ಒಳಹೊಕ್ಕರೆ ಆ ಬಾಡಿಗೆಯನ್ನು ಎಲ್ಲಿಂದ ಹಿಂಡುತ್ತಾನೆ? ಇಡ್ಲಿಯ ದರದಿಂದ ಸ್ವಲ್ಪ, ಕೆಲಸಗಾರನ ಸಂಬಳದಿಂದ ಬಹಳ. ನಮ್ಮ ಮಾಲಿಕರಲ್ಲಿ ಬಹುಮಂದಿ ನಮ್ಮ ಊರವರೇ. ಅವರೊಡನೆ ನಮಗೆ ಸಂಬಳದ ಜಗಳವಿದೆ, ಇರಲಿ. ಆದರೆ ಈ ಬಾಡಿಗೆಯ ವಿಷಯದಲ್ಲಿ ಅವರ ಕುತ್ತಿಗೆಗೂ ನಮ್ಮ ಕುತ್ತಿಗೆಗೂ ಒಂದೇ ಹಗ್ಗ ಎಂಬುದನ್ನು ಅವರಿಗೆ ತಿಳಿಸಿ ಹೇಳಬೇಕು.

ನಾಲ್ಕನೆಯದು ದುಡಿಮೆಯ ಹೊತ್ತು. ಮಹಾರಾಷ್ಟ್ರದ 2017ರ ಅಂಗಡಿ ಕಾನೂನು ವರ್ಷದ 365 ದಿನವೂ ಅಂಗಡಿ ತೆರೆದಿಡಲು ಅವಕಾಶ ಕೊಟ್ಟಿತು. ಕೆಲಸಗಾರನಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಹೇಳಿತು. ಆದರೆ ಅದರ ರಕ್ಷಣೆಯ ಬಹುಭಾಗ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸ್ಥಳಗಳಿಗೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲ ಆ ಹತ್ತನ್ನು ಇಪ್ಪತ್ತು ಮಾಡುವುದಕ್ಕೂ, 9 ಗಂಟೆಯನ್ನು 10 ಮಾಡುವುದಕ್ಕೂ ಒಪ್ಪಿಗೆ ಕೊಟ್ಟಿತು. ಮಾಲಿನ ತಿಂಡಿಯ ಅಂಗಣದಲ್ಲಿ ಒಂದೊಂದು ಅಂಗಡಿಗೆ ಆರೋ ಎಂಟೋ ಜನ. ಒಂದೇ ಸೂರಿನ ಕೆಳಗೆ ಐನೂರು ಮಂದಿ ದುಡಿದರೂ, ಲೆಕ್ಕದಲ್ಲಿ ಆರು, ಎಂಟು ಎಂದು ಹರಿದುಹೋಗುತ್ತಾರೆ. ಕಾನೂನಿನ ಬಲೆಯ ಕಣ್ಣು ದೊಡ್ಡದಾದಷ್ಟೂ ಸಣ್ಣ ಮೀನು ಹೊರಗೆ.

ಕುಳಿತುಕೊಳ್ಳುವುದಕ್ಕೂ ಹೋರಾಡಬೇಕಾದ ಕಾಲ ಇದು. ಕೋಝಿಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರು ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೇಳಿದ್ದು ಒಂದು ಕುರ್ಚಿ. ಅವರನ್ನು ಸಂಘಟಿಸಿದವರು ಪಿ. ವಿಜಿ ಎಂಬ ದರ್ಜಿ ಕೆಲಸದ ಮಹಿಳೆ. ಅವರ ವರ್ಷಗಳ ಹೋರಾಟದ ಫಲವಾಗಿ 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು, ಅಂಗಡಿ ಕೆಲಸಗಾರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಬರೆದವು. ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಕುರ್ಚಿಯನ್ನು ಯಾರೂ ದಾನ ಮಾಡಲಿಲ್ಲ.

ಐದನೆಯ ದೋಷವೇ ಎಲ್ಲಕ್ಕೂ ದೊಡ್ಡದು. ಸಂಕೀರ್ಣದ ಜಾಹಿರಾತಿನಲ್ಲಿ 'ಮನೆಯಿಂದ ಕೆಲಸಕ್ಕೆ ನಡೆದು ಹೋಗಿರಿ' ಎಂದಿರುತ್ತದೆ. ಸರಿ, ಅಲ್ಲಿ ದಿನವೂ ಕೆಲಸ ಮಾಡುವ ಪಹರೆಯವನು, ಭಾಂಡೆ ತೊಳೆಯುವ ಬಾಯಿ, ದೋಸೆ ಹುಯ್ಯುವವನು ಇವರು ಎಲ್ಲಿಂದ ನಡೆದು ಬರುತ್ತಾರೆ? ಒಳಗೆ ಅವರಿಗೆ ಮನೆಯಿಲ್ಲ. ದಿವಾದ ಚಾಳಿನಿಂದ, ಇಪ್ಪತ್ತೇಳು ಹಳ್ಳಿಗಳ ಕಟ್ಟಡಗಳಿಂದ ಬರುತ್ತಾರೆ. ಅಂಗಡಿ ಮನೆಗಳನ್ನು ಕೂಡಿಸಿದರು. ಆದರೆ ಕೊಳ್ಳುವವನ ಮನೆಯನ್ನು ಕೂಡಿಸಿದರು, ದುಡಿಯುವವನ ಮನೆಯನ್ನು ಬಿಟ್ಟರು. ಆದುದರಿಂದ ರೈಲಿನ, ರಿಕ್ಷಾದ ಗುದ್ದಾಟ ಒಬ್ಬನಿಗೆ ತಪ್ಪಿ ಇನ್ನೊಬ್ಬನ ತಲೆಗೆ ಬಂತು, ಅಷ್ಟೇ.

ಕಾನೂನಿನಲ್ಲಿ ದಾರಿಯೇ ಇಲ್ಲವೆಂದಲ್ಲ. ಕಲ್ಯಾಣ-ಡೊಂಬಿವಲಿಯಂಥ ದೊಡ್ಡ ನಗರಪಾಲಿಕೆಗಳಲ್ಲಿ, 4,000 ಚದರ ಮೀಟರಿನ ಅಥವಾ ಅದಕ್ಕೂ ದೊಡ್ಡ ಜಾಗದಲ್ಲಿ ವಸತಿ ಕಟ್ಟುವವರು ನೂರಕ್ಕೆ 20ರಷ್ಟನ್ನು ಬಡವರ ಮತ್ತು ಕಡಿಮೆ ಆದಾಯದವರ ಸಣ್ಣ ಮನೆಗಳಿಗೆ ಇಡಬೇಕೆಂಬ ನಿಯಮ ಮಹಾರಾಷ್ಟ್ರದಲ್ಲಿದೆ. ಆದರೆ ಆ ಮನೆ ಮಾರಾಟಕ್ಕೆ. ಮ್ಹಾಡಾದ ಲಾಟರಿಯಲ್ಲಿ ಚೀಟಿ ಎದ್ದರೂ ಬ್ಯಾಂಕು ಸಂಬಳದ ರಸೀದಿ ಕೇಳುತ್ತದೆ. ಹೊಟೇಲಿನಲ್ಲಿ ಲೆಕ್ಕದ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆದ ಸಂಬಳಕ್ಕೆ ರಸೀದಿ ಎಲ್ಲಿಂದ ತರುವುದು? ನಮ್ಮವರಿಗೆ ಬೇಕಾದದ್ದು ಬಾಡಿಗೆಯ ಮನೆ. ಒಂಟಿ ಹುಡುಗರಿಗೆ ಒಂದು ಸ್ವಚ್ಛ ಕೋಣೆ, ಸಂಸಾರಸ್ಥರಿಗೆ ಎರಡು ಕೋಣೆ. 2020ರ ಲಾಕ್‌ಡೌನಿನ ಬವಣೆ ಕಂಡ ಮೇಲೆ ಕೇಂದ್ರ ಸರಕಾರವೇ ವಲಸೆ ಕಾರ್ಮಿಕರಿಗೆ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ಸಾರಿತ್ತು. ಕೇಳುವವರು ಗಟ್ಟಿಯಾಗಿ ಕೇಳದೆ ಹೋದರೆ ಸಾರಿದ್ದು ಸಾರಿದಲ್ಲಿಯೇ ಉಳಿಯುತ್ತದೆ.

ಅಗ್ಗದ ಮನೆ ಸಿಗದವನು ಏನು ಮಾಡುತ್ತಾನೆ? ಸಿಕ್ಕಿದ್ದನ್ನು ಕೊಳ್ಳುತ್ತಾನೆ. ನಮ್ಮ ನಗರಪಾಲಿಕೆಯ ಮೇರೆಯಲ್ಲಿ ಸುಳ್ಳು ಪರವಾನಗಿ ತೋರಿಸಿ, ರೇರಾ ನೋಂದಣಿಯನ್ನೂ ಪಡೆದು, ಕಟ್ಟಿ ಮಾರಿದ 65 ಕಟ್ಟಡಗಳನ್ನು ಕೆಡವಲು ಮುಂಬಯಿ ಹೈಕೋರ್ಟು 2024ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಮಂಗಳಸೂತ್ರ ಅಡವಿಟ್ಟು ಕೊಂಡವರ ಮನೆಗಳವು. ಮೋಸ ಮಾಡಿದವನು ಹಣ ಎಣಿಸಿಕೊಂಡು ಹೋದ. ಬೀದಿಗೆ ಬೀಳುವ ಭಯ ಕೊಂಡವನಿಗೆ.

ಹಾಗಾದರೆ ಬೇರೆ ರೀತಿ ಕಟ್ಟಲು ಸಾಧ್ಯವೇ? ಸಾಧ್ಯ. ವಿಯೆನ್ನಾ ನಗರದ ಪಾಲಿಕೆಯವರು 1923ರಲ್ಲಿ ವಸತಿ ತೆರಿಗೆ ಹಾಕಿದರು: ದೊಡ್ಡ ಮನೆಗೆ ಬಹಳ ಹೆಚ್ಚು, ಸಣ್ಣ ಮನೆಗೆ ಬಹಳ ಕಡಿಮೆ. ಆ ಹಣದಿಂದ ಕಾರ್ಮಿಕರಿಗೆ ಮನೆ ಕಟ್ಟಿದರು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಕಟ್ಟಡದ ಸಾಲು ಒಂದು ಕಿಲೋಮೀಟರಿಗೂ ಉದ್ದ. ಸುಮಾರು 1,400 ಮನೆ. ಅದರೊಳಗೆ ಬಟ್ಟೆ ಒಗೆಯುವ ಸಾರ್ವಜನಿಕ ಮನೆ, ಸ್ನಾನದ ಮನೆ, ಶಿಶುವಿಹಾರ, ವಾಚನಾಲಯ, ಅಂಗಡಿಗಳು. ನಡುವೆ ಮಕ್ಕಳಾಡುವ ವಿಶಾಲ ಅಂಗಳ. ಮನೆ ಪಾಲಿಕೆಯದು, ಬಾಡಿಗೆ ಕಾರ್ಮಿಕನ ಕೈಗೆ ಎಟುಕುವಂಥದು. ಇಂದಿಗೂ ಅಲ್ಲಿ ಜನ ವಾಸವಾಗಿದ್ದಾರೆ.

ಸಿಂಗಪುರವು 1960ರಿಂದ ಸರಕಾರಿ ವಸತಿ ಮಂಡಳಿಯ ಮೂಲಕ ಮನೆ ಕಟ್ಟಿತು. ಇಂದು ಅಲ್ಲಿಯ ಕಾಯಂ ನಿವಾಸಿಗಳಲ್ಲಿ ಹತ್ತರಲ್ಲಿ ಎಂಟರಷ್ಟು ಜನ ಅಂಥ ಮನೆಗಳಲ್ಲಿದ್ದಾರೆ. 1970 ಮತ್ತು 1980ರ ದಶಕಗಳಲ್ಲಿ ಬೀದಿಯ ತಿಂಡಿ ಮಾರುವವರನ್ನು ಓಡಿಸದೆ, ಮನೆಗಳ ಬಳಿಯೇ ನೀರು ಚರಂಡಿಯಿರುವ ತಿಂಡಿ ಮಾರುಕಟ್ಟೆ ಕಟ್ಟಿ ಅಲ್ಲಿ ಕೂರಿಸಿದರು. ಬಡವನೂ ಕೂತು ಉಣ್ಣುವ ಜಾಗ ಅದು. ಆದರೆ ಅಲ್ಲಿಯೂ ಒಂದು ಕಪ್ಪು ಚುಕ್ಕೆ ಉಂಟು. ಆ ಕಟ್ಟಡಗಳನ್ನು ಕಟ್ಟುವ ಪರದೇಶದ ಕೂಲಿಗಳು ಊರಾಚೆಯ ಇಕ್ಕಟ್ಟಾದ ಬಿಡಾರಗಳಲ್ಲಿದ್ದರು; 2020ರಲ್ಲಿ ಕೊರೋನಾ ಆ ಬಿಡಾರಗಳಲ್ಲಿಯೇ ಹೆಚ್ಚಾಗಿ ಹಬ್ಬಿತು. ಎಷ್ಟು ಜಾಣ ನಗರವಾದರೂ ಕೆಲಸಗಾರನನ್ನು ಲೆಕ್ಕದಿಂದ ಬಿಟ್ಟರೆ ಎಂದಾದರೂ ಬಯಲಾಗುತ್ತದೆ.

ಇನ್ನು ಮನೆಯ ಹತ್ತಿರದ ಪಾಠ ಒಂದನ್ನು ಹೇಳಿ ಮುಗಿಸುತ್ತೇನೆ. ಮುಂಬಯಿಯ ಗಿರಣಿಗಳ ನೆಲ ಸುಮಾರು 600 ಎಕರೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿದ್ದರು. ಗಿರಣಿಗಳು ಮುಚ್ಚುತ್ತ ಹೋದವು. 1991ರ ನಿಯಮದಲ್ಲಿ ಆ ನೆಲ ಮೂರು ಪಾಲಾಗಬೇಕೆಂದಿತ್ತು: ಒಂದು ಪಾಲು ಪಾಲಿಕೆಗೆ ಬಯಲಿಗಾಗಿ, ಒಂದು ಪಾಲು ಮ್ಹಾಡಾಕ್ಕೆ ಮನೆಗಳಿಗಾಗಿ, ಒಂದು ಪಾಲು ಮಾಲಿಕನಿಗೆ. 2001ರಲ್ಲಿ ಅದೇ ನಿಯಮವನ್ನು ತಿದ್ದಿದರು: ಪಾಲು ಮಾಡಬೇಕಾದದ್ದು ಪೂರ್ತಿ ನೆಲವನ್ನಲ್ಲ, ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ. ಒಂದೆರಡು ಶಬ್ದಗಳ ಬದಲಾವಣೆ. ಅದರಿಂದ ಊರಿಗೆ ಮತ್ತು ಕಾರ್ಮಿಕನಿಗೆ ಬರಬೇಕಾದ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಫೀನಿಕ್ಸ್ ಗಿರಣಿಯ ನೆಲದಲ್ಲಿ ಮಾಲು ಹೊಳೆಯುತ್ತಿದೆ. ಗಿರಣಿ ಕಾರ್ಮಿಕರ ಮನೆಗಳ ದೊಡ್ಡ ಲಾಟರಿ ನಡೆದದ್ದು 2012ರಲ್ಲಿ, ಮುಷ್ಕರವಾಗಿ ಮೂವತ್ತು ವರ್ಷದ ಮೇಲೆ. ಅರ್ಜಿ ಹಾಕಿದವರು ಲಕ್ಷಕ್ಕೂ ಮೀರಿ. ಆ ಸಲ ಮನೆ ಎದ್ದದ್ದು ಏಳು ಸಾವಿರಕ್ಕೂ ಕಡಿಮೆ ಮಂದಿಗೆ. ಕಾಯುತ್ತ ಕಾಯುತ್ತ ಎಷ್ಟೋ ಮಂದಿ ಕಣ್ಣು ಮುಚ್ಚಿದರು.

ಆ ತಿದ್ದುಪಡಿ ಆಗುವಾಗ ಕಾರ್ಮಿಕರು ಬೀದಿಯಲ್ಲಿ ಗಟ್ಟಿಯಾಗಿದ್ದರು, ಕಾಗದದ ಮೇಲೆ ಗಟ್ಟಿಯಾಗಿರಲಿಲ್ಲ. ಡೊಂಬಿವಲಿಯಲ್ಲಿ ಹಾಗಾಗಬಾರದು. ಈ ಔದ್ಯೋಗಿಕ ಪ್ರದೇಶದ ನೆಲದ ಯೋಜನೆ ಮಾಡತಕ್ಕವರು ಎಂಐಡಿಸಿಯವರು. ಸುತ್ತಲಿನ ನೆಲದ್ದು ನಗರಪಾಲಿಕೆಯವರದು. ಯೋಜನೆಯ ಕರಡು ಅಥವಾ ಅದರ ಬದಲಾವಣೆ ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಬರೆದುಕೊಡಲು ಮಹಾರಾಷ್ಟ್ರದ 1966ರ ನಗರಯೋಜನಾ ಕಾನೂನು ಅವಕಾಶವಿತ್ತಿದೆ. ಅವಧಿ ಮಾತ್ರ ಅಲ್ಪ. ಆದುದರಿಂದ ನಮ್ಮ ಬೇಡಿಕೆ ಮೊದಲೇ ಸಿದ್ಧವಿರಬೇಕು. ನನ್ನ ಅಲ್ಪ ಬುದ್ಧಿಗೆ ತೋರಿದವು ಐದು.

ಒಂದು: ಕಾರ್ಖಾನೆ ಎದ್ದುಹೋದ ನೆಲದಲ್ಲಿ ವಸತಿ, ಅಂಗಡಿ ಬರುವುದಾದರೆ, ಪೂರ್ತಿ ನೆಲದ ಅಳತೆಯ ಮೇಲೆ ಮೂರರಲ್ಲೊಂದು ಪಾಲು ಕಾರ್ಮಿಕರ ವಸತಿಗೆ ಇರಲಿ. 'ಖಾಲಿ ನೆಲ' ಎಂಬ ಶಬ್ದ ಬಂದಲ್ಲಿ ಎಚ್ಚರವಿರಲಿ. ಸ್ಥಳಾಂತರವಾಗುವ ಕಾರ್ಖಾನೆಯ ಕೆಲಸಗಾರರ ಗತಿ ಏನೆಂಬುದೂ ಅದೇ ಕಾಗದದಲ್ಲಿ ಬರೆದಿರಲಿ.

ಎರಡು: ಆ ವಸತಿಯಲ್ಲಿ ಅರ್ಧವಾದರೂ ಬಾಡಿಗೆಗೆ ಇರಲಿ. ಅದರ ಬೀಗದ ಕೈ ಮಾಲಿಕನಲ್ಲಿರಬಾರದು, ಪಾಲಿಕೆಯಲ್ಲಿ ಅಥವಾ ಮ್ಹಾಡಾದಲ್ಲಿರಬೇಕು. ಕೆಲಸ ಬಿಟ್ಟವನ ಹಾಸಿಗೆ ಅದೇ ರಾತ್ರಿ ಹೊರಗೆ ಬೀಳಕೂಡದು.

ಮೂರು: ಮನೆಗಳ ಕೆಳಗಿನ ಅಡಿಗೆಮನೆಗೆ ಎರಡನೆಯ ಬಾಗಿಲು, ಹೊಗೆಯ ಕೊಳವೆ, ಹೊರಗಿನ ಗ್ಯಾಸ್ ಕೋಣೆ ಇಲ್ಲದೆ ಪರವಾನಗಿ ಬೇಡ. ವರ್ಷಕ್ಕೆರಡು ಸಲ ಬೆಂಕಿಯ ತಾಲೀಮು ನಡೆಯಲಿ. ಮನೆಯವರೂ ಕೆಲಸಗಾರರೂ ಕೂಡಿ ಮಾಡಲಿ.

ನಾಲ್ಕು: ಆವರಣದ ಒಳಗಿನ ಒಂದು ದಾರಿ ಸಾರ್ವಜನಿಕವಾಗಿರಲಿ. ಅಲ್ಲಿ ಪಂಚೆಗೂ ತಲೆಹೊರೆಗೂ ತಡೆಯಿರಬಾರದು. ತಳ್ಳುಗಾಡಿಯವರಿಗೆ ನೀರು, ದೀಪ, ನೆರಳಿನ ಜಾಗ ಕೊಡಲಿ.

ಐದು: ಕೆಲಸಗಾರರಿಗೆ ಶೌಚಾಲಯ, ಕುರ್ಚಿ, ವಿಶ್ರಾಂತಿಯ ಕೋಣೆ, ಕಡೆಯ ಪಾಳಿಯ ಹೊತ್ತಿಗೆ ಬಸ್ಸು. ಒಂದು ಸಂಕೀರ್ಣದ ಎಲ್ಲ ಅಂಗಡಿಗಳ ಕೆಲಸಗಾರರನ್ನು ಒಟ್ಟಿಗೆ ಎಣಿಸಿ ಕಾನೂನು ಅನ್ವಯಿಸಲಿ.

ಬಂಧುಗಳೇ, ಈ ಐದರಲ್ಲಿ ಯಾವುದೂ ಆಕಾಶದ ನಕ್ಷತ್ರವಲ್ಲ. ಮುಂದಿನ ಭಾನುವಾರದಿಂದ ಪ್ರತಿಯೊಬ್ಬ ಸದಸ್ಯನೂ ಒಂದು ಕೆಲಸ ಮಾಡಬೇಕೆಂದು ನನ್ನ ಪ್ರಾರ್ಥನೆ. ತಾವು ದುಡಿಯುವ ಕಟ್ಟಡದಲ್ಲಿ ಎಷ್ಟು ಜನ ಕೆಲಸಗಾರರು, ಅವರು ಎಲ್ಲಿ ಮಲಗುತ್ತಾರೆ, ಎಷ್ಟು ಬಾಡಿಗೆ ಕೊಡುತ್ತಾರೆ, ಬರಹೋಗಲು ಎಷ್ಟು ಹೊತ್ತು ಬೇಕು, ಬೆಂಕಿ ಬಿದ್ದರೆ ಓಡಲು ಯಾವ ಬಾಗಿಲು ಎಂಬುದನ್ನು ಬರೆದು ತನ್ನಿರಿ. ಹೆಸರು ಬೇಡ, ಸಂಖ್ಯೆ ಸಾಕು. ಬರೆಯಲು ಬಾರದವರಿಗೆ ರಾತ್ರಿ ಶಾಲೆಯ ಹುಡುಗರು ಬರೆದುಕೊಡುತ್ತಾರೆ. ಕರಡು ಪ್ರಕಟವಾದ ದಿನ ಅಧಿಕಾರಿಗಳ ಮೇಜಿನ ಮೇಲೆ ನಮ್ಮ ಗೋಳನ್ನು ಇಟ್ಟರೆ ಅವರು ಓದಲಿಕ್ಕಿಲ್ಲ. ನಮ್ಮ ಲೆಕ್ಕವನ್ನು ಇಟ್ಟರೆ ಉತ್ತರ ಕೊಡಬೇಕಾಗುತ್ತದೆ.

ಸಮಯ ಬಹಳವಾಯಿತು. ಕೆಲವರಿಗೆ ರಾತ್ರಿಯ ಪಾಳಿಯಿದೆ. ನನ್ನ ಮಾತು ಮುಗಿಸುತ್ತೇನೆ. ಲೆಕ್ಕ ಬರೆಯುವ ಕಾಗದಗಳು ಬಾಗಿಲ ಬಳಿ ಇವೆ. ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿರಿ.